ಕಾನಾದಲ್ಲಿ ಇಪ್ಪತ್ತು ನಿಮಿಷ

ಇಸ್ರೇಲಿನ ನಜರೇತಿನಿಂದ ತಿಬೇರಿಯದ ಕಡೆಗೆ ಹೊರಟರೆ ಏಳೆಂಟು ಕಿಲೋಮೀಟರಿಗೆಲ್ಲ ಕಫ್ರ್ ಕನ್ನ ಸಿಗುತ್ತದೆ. ಮದುವೆಯೊಂದರಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ತಾಯಿ ಮರಿಯಳ ಮಾತಿನ ಮೇಲೆ ಯೇಸು ನೀರನ್ನೇ ದ್ರಾಕ್ಷಾರಸ ಮಾಡಿದ ಬೈಬಲಿನ ಕಾನಾ ಇದೇ ಎಂದು ಯಾತ್ರಿಕರ ನಂಬಿಕೆ. ಬಸ್ಸು ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಇಕ್ಕಟ್ಟಿನ ಓಣಿ, ಓಣಿಯ ಉದ್ದಕ್ಕೂ 'ಕಾನಾ ವೈನ್' ಬಾಟಲಿ ಜೋಡಿಸಿಟ್ಟ ಅಂಗಡಿಗಳು, ಕೊನೆಗೆ ಫ್ರಾನ್ಸಿಸ್ಕನ್ ಎಂಬ ಕಥೋಲಿಕ ಸನ್ಯಾಸಿ ಸಭೆಯವರ ಮದುವೆ ಚರ್ಚು. ಮಂಗಳೂರು, ಬೆಂಗಳೂರು, ಗಲ್ಫಿನಿಂದ ಬರುವ ನಮ್ಮವರ ಗುಂಪಿಗೆ ಇಲ್ಲಿ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದರಲ್ಲಿ ದಂಪತಿಗಳ ವಾಗ್ದಾನ ನವೀಕರಣಕ್ಕೆ, ಅಂದರೆ ಮದುವೆಯ ದಿನ ಕೊಟ್ಟ ಮಾತನ್ನು ನೆನೆದು ಮತ್ತೆ ಹೇಳುವುದಕ್ಕೆ, ಇಪ್ಪತ್ತು ನಿಮಿಷ. ಮಿಕ್ಕಿದ್ದು ಫೋಟೊ, ಶೌಚಾಲಯ, ವೈನ್.

ದಾಂಪತ್ಯ ಸೇವೆ ಅಂದರೆ ಗಂಡಹೆಂಡಿರ ಬಾಳು ಗಟ್ಟಿಮಾಡಲು ಚರ್ಚುಗಳವರು ಮಾಡುವ ಕೆಲಸ. ಅದರ ಹೆಸರಿನಲ್ಲಿ ಪವಿತ್ರ ನಾಡಿಗೆ ಬರುವವರು ಎರಡು ಬಗೆ. ಅಮೆರಿಕ, ಯುರೋಪಿನಿಂದ ಬರುವುದು ಹೆಚ್ಚಾಗಿ ಬರೀ ದಂಪತಿಗಳ ತಂಡ. ಜೊತೆಗೆ ದಾಂಪತ್ಯ ಶಿಬಿರ ನಡೆಸಿ ಪಳಗಿದ ಒಂದು ಜೋಡಿ ಇರುತ್ತದೆ. ಹಗಲು ಎರಡೋ ಮೂರೋ ಜಾಗ ನೋಡುತ್ತಾರೆ, ಸಂಜೆ ಹೋಟೆಲಿನಲ್ಲಿ ಒಂದು ಮಾತುಕತೆ, ಆಮೇಲೆ ಗಂಡಹೆಂಡತಿ ತಮ್ಮ ಪಾಡಿಗೆ ಕೂತು ಮಾತಾಡಲು ಬಿಡುವು. ನಮ್ಮ ತಂಡ ಹಾಗಲ್ಲ. ಜೋರ್ಡನ್, ಇಸ್ರೇಲ್, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ಒಂಬತ್ತು ಹತ್ತು ದಿನದಲ್ಲಿ ಮುಗಿಯಬೇಕು. ಬಸ್ಸಿನಲ್ಲಿ ನಲವತ್ತು ಜನ. ಅತ್ತೆ ಇದ್ದಾರೆ, ವಿಧವೆಯಾದ ಚಿಕ್ಕಮ್ಮ ಇದ್ದಾರೆ, ಮದುವೆಯಾಗದ ಮಗಳಿದ್ದಾಳೆ. ಸಾಲ ಮಾಡಿ ಬಂದವರೂ ಇದ್ದಾರೆ, ಅವರಿಗೆ ಇದು ಜನ್ಮಕ್ಕೊಂದೇ ಯಾತ್ರೆ. ಹಾಗಾಗಿ ಒಂದು ಜಾಗವನ್ನೂ ಬಿಡುವಂತಿಲ್ಲ.

ಇದರಲ್ಲಿ ನಮ್ಮ ರೀತಿ ಕೀಳು, ಅವರದು ಮೇಲು ಎಂದು ನನಗೆ ಅನಿಸುವುದಿಲ್ಲ. ಅವರ ತಂಡದಲ್ಲಿ ಮದುವೆ ಅಂದರೆ ಇಬ್ಬರೇ. ನಮ್ಮಲ್ಲಿ ಮದುವೆಯ ಒಳಗೆ ಇಡೀ ಮನೆ ಇರುತ್ತದೆ, ಅತ್ತೆಯನ್ನು ಹೊರಗಿಟ್ಟು ನಮ್ಮ ದಾಂಪತ್ಯದ ಮಾತು ಆಡಲಾಗದು. ಕಾನಾದ ಕಥೆಯಲ್ಲೂ ಮದುಮಗ ಒಂದು ಮಾತನ್ನೂ ಆಡುವುದಿಲ್ಲ, ಮದುಮಗಳ ಸುದ್ದಿಯೇ ಇಲ್ಲ. ಕಥೆ ನಡೆಸುವವರು ಒಬ್ಬ ಅತಿಥಿಯ ತಾಯಿ, ಆಳುಗಳು, ಔತಣದ ಉಸ್ತುವಾರಿ. ತೊಂದರೆ ಕೂಡ ನಮಗೆ ಚೆನ್ನಾಗಿ ಗೊತ್ತಿರುವುದೇ: ಊಟದ ಮನೆಯಲ್ಲಿ ಸಾಮಾನು ಸಾಲದೆ ಮನೆಯವರ ಮಾನ ಹೋಗುವ ಹೊತ್ತು. ಆ ಭಯ ಮಂಗಳೂರಿನವರಿಗೂ ಹಾಸನದವರಿಗೂ ವಿವರಿಸಿ ಹೇಳಬೇಕಾಗಿಲ್ಲ.

ನಾವು ಎಡವುವುದು ಸಿದ್ಧತೆಯಲ್ಲಿ. ಕಾನಾದಲ್ಲಿ ಬಲಿಪೂಜೆ ಬೇಕಿದ್ದರೆ ಫ್ರಾನ್ಸಿಸ್ಕನ್ನರ ಯಾತ್ರಿಕರ ಕಚೇರಿಯ ಮೂಲಕ ಸಮಯ ಕಾದಿರಿಸಬೇಕು. ಜೊತೆಗೆ ಬರುವ ಫಾದರ್ ತಮ್ಮ ಬಿಷಪರ ಅಥವಾ ಮಠದ ಹಿರಿಯರ ಗುರುತುಪತ್ರ ತರಬೇಕು. ಚರ್ಚು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮುಚ್ಚುವುದು ರೂಢಿ. ನಜರೇತಿನಲ್ಲಿ ತಡವಾಯಿತೆಂದು ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬಂದಿಳಿದರೆ, ಸಿಗುವುದು ಗೇಟಿನ ಮುಂದಿನ ಫೋಟೊ ಮಾತ್ರ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲೇಬೇಕು. ಸೀರೆ ಉಟ್ಟವರಿಗೆ ತೊಂದರೆಯಿಲ್ಲ, ಸೆಕೆಯೆಂದು ಅರ್ಧ ಚಡ್ಡಿಯಲ್ಲಿ ಬಂದ ಗಂಡಂದಿರೇ ಹೊರಗೆ ಉಳಿಯುತ್ತಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅಥವಾ ಕಥೋಲಿಕರಲ್ಲದ ಬೇರೆ ಸಭೆಗಳ ಪಾಸ್ಟರ್ ಪ್ರಾರ್ಥನೆ ನಡೆಸುವುದಾದರೆ ಎಲ್ಲಿ ನಡೆಸಬಹುದು ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು, ಬಂದು ನಿಂತ ಮೇಲೆ ವಾದ ಬೇಡ.

ಇನ್ನು ನವೀಕರಣ ಎಂದರೇನು ಎಂಬುದನ್ನು ಬಸ್ಸಿನಲ್ಲೇ ಬಿಡಿಸಿ ಹೇಳಬೇಕು. ಕಥೋಲಿಕ ಸಭೆಯಲ್ಲಿ ಅದೇ ಜೋಡಿಗೆ ವಿವಾಹ ಸಂಸ್ಕಾರ ಎರಡನೇ ಸಲ ಆಗುವುದಿಲ್ಲ. ವಿವಾಹ ವಾರ್ಷಿಕೋತ್ಸವಕ್ಕೆ ಸಭೆಯ ಪೂಜಾಕ್ರಮದಲ್ಲಿ ಇರುವುದು ಕೃತಜ್ಞತೆಯ ಪ್ರಾರ್ಥನೆ: ಇವಳನ್ನು ಹೆಂಡತಿಯಾಗಿ ಕೊಟ್ಟೆ, ನಿನಗೆ ಸ್ತೋತ್ರ, ಇವರನ್ನು ಗಂಡನಾಗಿ ಕೊಟ್ಟೆ, ನಿನಗೆ ಸ್ತೋತ್ರ. ಉಂಗುರಗಳನ್ನು ಆಶೀರ್ವದಿಸುತ್ತಾರೆ, ನಮ್ಮವರು ಕರಿಮಣಿ, ತಾಳಿಯನ್ನೂ ಮುಂದೆ ಹಿಡಿಯುತ್ತಾರೆ. ಇದನ್ನು ಹೇಳದೆ ಬಿಟ್ಟರೆ ಏನಾಗುತ್ತದೆ? ರಿಜಿಸ್ಟರ್ ಮದುವೆ ಮಾತ್ರ ಆಗಿರುವ ಜೋಡಿ, ಇಲ್ಲಿ ಕೈಹಿಡಿದರೆ ಚರ್ಚಿನ ಲೆಕ್ಕವೂ ಸರಿಹೋಯಿತು ಅಂದುಕೊಳ್ಳುತ್ತದೆ. ಸರಿಹೋಗುವುದಿಲ್ಲ. ಅದಕ್ಕೆ ತಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರವೇ ಹೋಗಬೇಕು. ಕೈಗೆ ಬರುವ ಬಣ್ಣದ ಸರ್ಟಿಫಿಕೇಟಿಗೂ ಅಷ್ಟೆ, ಗೋಡೆಯ ಮೇಲೆ ಚೆಂದ, ಕಾನೂನಿನ ಬೆಲೆ ಇಲ್ಲ. ಮದುವೆಗೆ ಆಧಾರ ಊರಿನ ರಿಜಿಸ್ಟರೇ. ಗುಂಪಿನಲ್ಲಿರುವ ವಿಧವೆ, ವಿಧುರ, ಒಬ್ಬರೇ ಬಂದವರನ್ನು ಹಿಂದಿನ ಬೆಂಚಿಗೆ ತಳ್ಳುವುದು ಇನ್ನೊಂದು ತಪ್ಪು. ಅವರ ಕೈಯಲ್ಲಿ ವಾಚನ ಓದಿಸಿ. ಕಾನಾದ ಕಥೆಯಿರುವ ಯೊವಾನ್ನರ ಶುಭಸಂದೇಶದ ಎರಡನೇ ಅಧ್ಯಾಯದ ಮೊದಲ ಹನ್ನೊಂದು ವಚನ, ಓದಲು ಎರಡು ನಿಮಿಷ ಸಾಕು.

ಕಾನಾದ ಕಥೆಯಲ್ಲಿ ನೀರು ತುಂಬಿಸಿದ್ದು ಕಲ್ಲಿನ ಬಾನಿಗಳಿಗೆ. ಚರ್ಚಿನಲ್ಲಿ ಇಟ್ಟಿರುವ ಅಂಥ ಬಾನಿಯ ಮುಂದೆ ಸುಮ್ಮನೆ ಬೆರಗಾಗುವ ಬದಲು ಒಂದು ಲೆಕ್ಕ ಹಾಕಿಸಬಹುದು. ಬಾನಿ ಆರು, ಒಂದೊಂದಕ್ಕೆ ಸುಮಾರು 80ರಿಂದ 120 ಲೀಟರ್. ಒಟ್ಟು ಕಡಿಮೆಯೆಂದರೂ 480 ಲೀಟರ್ ನೀರು. ನಲ್ಲಿ ಇಲ್ಲದ ಊರಲ್ಲಿ ಅಷ್ಟನ್ನೂ ಸೇದಿ ಹೊತ್ತು ತಂದವರು ಆಳುಗಳು. ಕಲ್ಲಿನದೇ ಯಾಕೆ ಎಂಬುದಕ್ಕೂ ಉತ್ತರವಿದೆ: ಯೆಹೂದ್ಯರ ಶುದ್ಧಾಚಾರದ ಪ್ರಕಾರ ಮಣ್ಣಿನ ಪಾತ್ರೆಗೆ ಮೈಲಿಗೆ ತಟ್ಟುತ್ತದೆ, ಕಲ್ಲಿಗೆ ತಟ್ಟುವುದಿಲ್ಲ. ಮಡಿ ಗೊತ್ತಿರುವ ಕನ್ನಡಿಗನಿಗೆ ಇದು ಅರ್ಧ ವಾಕ್ಯದಲ್ಲಿ ಅರ್ಥವಾಗುತ್ತದೆ, ಪಾಶ್ಚಾತ್ಯರಿಗೆ ಗೈಡು ಹತ್ತು ನಿಮಿಷ ಹೇಳಬೇಕು. ನಜರೇತಿಗೂ ಕಾನಾಕ್ಕೂ ನಡುವಿನ ರೇನೆ ಊರಿನ ಬಳಿ ಇಂಥ ಸುಣ್ಣಕಲ್ಲಿನ ಪಾತ್ರೆ ಕೊರೆಯುತ್ತಿದ್ದ ರೋಮನ್ ಕಾಲದ ಗವಿಯೊಂದನ್ನು 2017ರ ಹೊತ್ತಿಗೆ ಅಗೆದು ತೆಗೆದಿದ್ದಾರೆ. ಹಾಗೆ ನೋಡಿದರೆ ಬೈಬಲಿನ ಕಾನಾ ಇದೇ ಊರೆಂದು ಎಲ್ಲರೂ ಒಪ್ಪುವುದಿಲ್ಲ. ಇನ್ನೂ ಉತ್ತರಕ್ಕಿರುವ ಖಿರ್ಬೆತ್ ಕಾನಾ ಎಂಬ ಪಾಳುದಿಬ್ಬದ ಕಡೆಗೆ ವಾಲುವ ಪುರಾತತ್ವ ಪಂಡಿತರು ಹಲವರು. ಅಲ್ಲಿಗೆ ಬಸ್ಸು ಹೋಗುವುದಿಲ್ಲ, ವೈನ್ ಅಂಗಡಿಯೂ ಇಲ್ಲ.

ನನಗೆ ಬಲು ಕುತೂಹಲದ ಸಂಗತಿ ಬೇರೆ ಇದೆ. ನಾವು ವಾಗ್ದಾನ ನವೀಕರಿಸಲು ಬರುವ ಈ ಊರಿನ ಕ್ರೈಸ್ತರಲ್ಲಿ ಅನೇಕರ ಮದುವೆಯಲ್ಲಿ ವಾಗ್ದಾನವೇ ಇಲ್ಲ! ಕಫ್ರ್ ಕನ್ನದಲ್ಲಿ ಹೆಚ್ಚಿನವರು ಮುಸ್ಲಿಮರು. ಕ್ರೈಸ್ತರು ಅಲ್ಪಸಂಖ್ಯಾತರು, ಅವರಲ್ಲಿ ಗ್ರೀಕ್ ಆರ್ಥಡಾಕ್ಸ್ ಪಂಥದವರೂ, ಅದೇ ಪೂಜಾಕ್ರಮ ಪಾಲಿಸುವ ಕಥೋಲಿಕರಾದ ಮೆಲ್ಕೈಟರೂ ಇದ್ದಾರೆ. ಫ್ರಾನ್ಸಿಸ್ಕನ್ ಚರ್ಚಿನ ಸಮೀಪದಲ್ಲೇ ಆರ್ಥಡಾಕ್ಸ್ ಚರ್ಚೂ ಇದೆ, ನಮ್ಮ ಬಸ್ಸಿನವರು ಅದರ ಬಾಗಿಲನ್ನೂ ನೋಡುವುದಿಲ್ಲ. ಅವರ ಪೂರ್ವ ಕ್ರಮದಲ್ಲಿ 'ಸುಖದಲ್ಲೂ ದುಃಖದಲ್ಲೂ' ಎಂದು ಗಂಡುಹೆಣ್ಣು ಹೇಳುವ ಮಾತು ಮೂಲದಲ್ಲಿ ಇಲ್ಲ. ಮೊದಲು ಉಂಗುರ. ಆಮೇಲೆ ಗುರು ಇಬ್ಬರ ತಲೆಯ ಮೇಲೂ ಕಿರೀಟ ಇಡುತ್ತಾರೆ. ಓದುವುದು ಇದೇ ಕಾನಾದ ಭಾಗ. ಒಂದೇ ಬಟ್ಟಲಿನಿಂದ ಇಬ್ಬರೂ ಕುಡಿಯುತ್ತಾರೆ, ಮೇಜಿನ ಸುತ್ತ ಮೂರು ಸುತ್ತು ಬರುತ್ತಾರೆ. ನಾನು ಮಾತು ಕೊಟ್ಟೆ, ಅದಕ್ಕೆ ಮದುವೆಯಾಯಿತು ಎಂಬ ಲೆಕ್ಕ ಅಲ್ಲಿಲ್ಲ, ಆಶೀರ್ವಾದ ಇಳಿಯಿತು ಎಂಬುದೇ ಲೆಕ್ಕ. ಮದುವೆಯ ಹಿಂದಿನ ಮದರಂಗಿ ರಾತ್ರಿಯ ಹಾಡು, ಗದ್ದಲ ಕೇಳಿದರೆ ಮಂಗಳೂರಿನ ಕೊಂಕಣಿ ಕ್ರೈಸ್ತರಿಗೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ತಮ್ಮ ರೋಸ್ ಶಾಸ್ತ್ರ ನೆನಪಾಗದೆ ಇರದು. ದಾಂಪತ್ಯ ಸೇವೆಗೆ ಬಂದವರು ಇಲ್ಲಿನ ಒಂದು ಅರಬ್ ಕ್ರೈಸ್ತ ಕುಟುಂಬದೊಡನೆ ಅರ್ಧ ತಾಸು ಕೂತು ಇದನ್ನು ಕೇಳಿದರೆ, ತಿಬೇರಿಯದಲ್ಲಿ ಇನ್ನೊಂದು ದೋಣಿ ಸವಾರಿಗಿಂತ ಹೆಚ್ಚು ದಕ್ಕುತ್ತದೆ.

ಕಾನೂನಿನ ಮಾತೂ ಸ್ವಲ್ಪ. ಇಸ್ರೇಲಿನಲ್ಲಿ ಸಿವಿಲ್ ಮದುವೆ ಇಲ್ಲ. ತುರ್ಕರ ಕಾಲದಿಂದ ಬಂದ ಪದ್ಧತಿಯಂತೆ ಮದುವೆ, ವಿಚ್ಛೇದನ ಎರಡೂ ಆಯಾ ಮತದ ನ್ಯಾಯಪೀಠಗಳ ಕೈಯಲ್ಲಿವೆ. ಸರ್ಕಾರ ಮಾನ್ಯ ಮಾಡಿದ ಕ್ರೈಸ್ತ ಪಂಗಡಗಳು ಹತ್ತು, ಹತ್ತನೆಯದಾದ ಇವ್ಯಾಂಜೆಲಿಕಲ್ ಎಪಿಸ್ಕೋಪಲ್ ಸಭೆ ಸೇರಿದ್ದು 1970ರಲ್ಲಿ. ಆ ಪಟ್ಟಿಗೆ ಹೊಂದದ ಜೋಡಿಗಳು ಸೈಪ್ರಸ್ಸಿಗೆ ವಿಮಾನ ಹತ್ತುತ್ತವೆ. ನಮ್ಮಲ್ಲಿ 1872ರ ಕ್ರೈಸ್ತ ವಿವಾಹ ಕಾಯ್ದೆಯೂ ಇದೆ, ಅದು ಬೇಡವಾದರೆ ವಿಶೇಷ ವಿವಾಹ ಕಾಯ್ದೆಯೂ ಇದೆ. ಈ ಒಂದು ವಿಷಯದಲ್ಲಿ ನಮ್ಮ ಊರೇ ವಾಸಿ.

ದಂಪತಿಗಳೇ ನಡೆಸುವ ಸೇವೆಗೆ ಬೈಬಲಿನಲ್ಲಿ ಮಾದರಿ ಹುಡುಕಿದರೆ ಕಾನಾಕ್ಕಿಂತ ಎಫೆಸ ಹತ್ತಿರವಾಗುತ್ತದೆ. ಅಲ್ಲಿ ಸೇವೆ ಮಾಡಿದ ಗಂಡಹೆಂಡತಿ ಅಕ್ವಿಲ, ಪ್ರಿಸ್ಕಿಲ್ಲ. ಅಕ್ವಿಲ ಕಪ್ಪು ಸಮುದ್ರದ ದಂಡೆಯ ಪೊಂತದವನು, ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದಾಗ ಇಬ್ಬರೂ ಕೊರಿಂಥಕ್ಕೆ ಬಂದರು. ಗುಡಾರ ಹೊಲಿಯುವ ಕಸುಬು. ಊರೂರು ಸುತ್ತಿ ಯೇಸುವಿನ ಸಂದೇಶ ಸಾರಿದ ಪೌಲನದೂ ಅದೇ ಕಸುಬಾದ್ದರಿಂದ ಅವನು ಅವರ ಮನೆಯಲ್ಲೇ ಉಳಿದ. ಅಲ್ಲಿಂದ ಎಫೆಸ, ಮತ್ತೆ ರೋಮ್. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಬರುವುದು ಆರು ಕಡೆ. ಎಲ್ಲ ಕಡೆಯೂ ಜೊತೆಯಾಗಿಯೇ, ಹೆಚ್ಚಿನ ಕಡೆ ಹೆಂಡತಿಯ ಹೆಸರೇ ಮೊದಲು. ಅಪೊಲ್ಲೋಸ್ ಎಂಬ ದೊಡ್ಡ ಮಾತುಗಾರ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಅರೆಬರೆ ಬೋಧಿಸಿದಾಗ ಇವರು ಅವನನ್ನು ಎಲ್ಲರೆದುರು ತಿದ್ದಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ತುರ್ಕಿಗೆ ಹೋಗುವ ತಂಡಗಳು ಎಫೆಸದ ದೊಡ್ಡ ರಂಗಮಂದಿರದಲ್ಲಿ ಕೂತು ಹಾಡಿ ಬರುತ್ತವೆ. ದಂಪತಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಗುಡ್ಡದ ಇಳಿಜಾರಿನ ರೋಮನ್ ಮನೆಗಳ ಸಾಲು. ಬೇರೆ ಟಿಕೆಟ್ ಎಂದು ನಮ್ಮ ಟೂರಿನವರು ಬಿಟ್ಟುಬಿಡುತ್ತಾರೆ. ನೋಡಬೇಕಾದ್ದು ಮನೆಯನ್ನೇ, ಯಾಕೆಂದರೆ ಆ ಇಬ್ಬರ ಸೇವೆಯೆಲ್ಲ ನಡೆದದ್ದು ಮನೆಯಲ್ಲಿ.

ಮನೆಯ ಮಾತು ಬಂದಿದ್ದಕ್ಕೆ ಇದನ್ನು ಹೇಳಿಬಿಡುತ್ತೇನೆ. ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಬಂದಿರುವ ಕರಾವಳಿಯ ಕ್ರೈಸ್ತರು ಬಹಳ. ಕೇರ್‌ಗಿವರ್ ವೀಸಾ ಸಾಮಾನ್ಯವಾಗಿ 63 ತಿಂಗಳವರೆಗೆ ನಡೆಯುತ್ತದೆ, ನೋಡಿಕೊಳ್ಳುವ ಅಜ್ಜ ಅಜ್ಜಿ ಬದುಕಿದ್ದರೆ ಮುಂದಕ್ಕೂ ಹೋಗುತ್ತದೆ. ಗಂಡ ಅಥವಾ ಹೆಂಡತಿಯನ್ನು ಜೊತೆಗೆ ತರುವಂತಿಲ್ಲ, ನಿಯಮವೇ ಹಾಗೆ. ಅಂದರೆ ಮದುವೆಯ ಹತ್ತು ವರ್ಷದಲ್ಲಿ ಏಳು ವರ್ಷ ವಾಟ್ಸಾಪಿನಲ್ಲಿ ಕಳೆದ ಜೋಡಿಗಳು ಇಲ್ಲಿ ಅಪರೂಪವಲ್ಲ. ಹಣ ಕಳಿಸುವ ದಿನ ಮಾತು, ಮಕ್ಕಳ ಫೀಸಿನ ಮಾತು, ಮನೆ ಕಟ್ಟುವ ಮಾತು. ಅದಕ್ಕೂ ಆಚೆಯ ಮಾತು ಯಾವಾಗ ನಿಂತಿತೆಂದು ಇಬ್ಬರಿಗೂ ನೆನಪಿರುವುದಿಲ್ಲ. ಊರಿನಿಂದ ದಾಂಪತ್ಯ ಸೇವೆಯ ತಂಡ ಬರುತ್ತದೆ, ಕಾನಾಕ್ಕೆ ಹೋಗುತ್ತದೆ, ಬೆತ್ಲೆಹೇಮಿಗೆ ಹೋಗುತ್ತದೆ, ಹಿಂದಿರುಗುತ್ತದೆ. ಮದುವೆಗೆ ನಿಜಕ್ಕೂ ದ್ರಾಕ್ಷಾರಸ ಮುಗಿದುಹೋಗಿರುವ ಜಾಗ ಈ ಕೆಲಸದವರು ತಂಗುವ ತೆಲ್ ಅವೀವಿನ ದಕ್ಷಿಣದ ಬಾಡಿಗೆ ಕೋಣೆಗಳು. ಅದು ಅವರ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಮ್ಯಾರೇಜ್ ಎನ್‌ಕೌಂಟರ್ ಎಂಬ ದಂಪತಿಗಳ ಶಿಬಿರದಲ್ಲಿ ಒಂದು ಪದ್ಧತಿ ಇದೆ: ಒಂದು ಪ್ರಶ್ನೆ, ಹತ್ತು ನಿಮಿಷ ಇಬ್ಬರೂ ಬೇರೆ ಬೇರೆ ಕೂತು ಪತ್ರ ಬರೆಯುವುದು, ಪತ್ರ ಬದಲಾಯಿಸಿ ಓದಿಕೊಂಡು ಹತ್ತು ನಿಮಿಷ ಮಾತಾಡುವುದು. 1960ರ ದಶಕದಲ್ಲಿ ಸ್ಪೇನಿನಲ್ಲಿ ಹುಟ್ಟಿದ ಶಿಬಿರ ಅದು, ಮಂಗಳೂರು, ಬೆಂಗಳೂರಿನ ಅನೇಕ ಧರ್ಮಕೇಂದ್ರಗಳಿಗೆ ಹೊಸದಲ್ಲ. ದೂರದ ದಾಂಪತ್ಯಕ್ಕೆ ಇದಕ್ಕಿಂತ ಒಗ್ಗುವ ಕ್ರಮ ನನಗೆ ಕಂಡಿಲ್ಲ, ಯಾಕೆಂದರೆ ಪತ್ರವನ್ನು ಫೋಟೊ ತೆಗೆದು ಕಳಿಸಬಹುದು. ವಿಡಿಯೊ ಕರೆಯಲ್ಲಿ ನೇರ ಶುರು ಮಾಡಿದರೆ ಮೂರನೇ ನಿಮಿಷಕ್ಕೆ ಮಗುವೋ ಅತ್ತೆಯೋ ನಡುವೆ ಬಂದು ಮಾತು ಮತ್ತೆ ಫೀಸಿಗೆ ತಿರುಗುತ್ತದೆ. ಬರೆದು ಕಳಿಸಿದರೆ ಹಾಗಾಗದು. ಪ್ರಶ್ನೆ ಸಣ್ಣದಿರಲಿ. 'ನಿನ್ನ ತ್ಯಾಗಕ್ಕೆ ನಾನು ಹೇಗೆ ಕೃತಜ್ಞ' ಎಂಬಂಥದ್ದು ಬೇಡ, ಭಾಷಣ ಬರೆಯುತ್ತಾರೆ. 'ಈ ವಾರ ಯಾವ ಹೊತ್ತಿನಲ್ಲಿ ನಾನು ಪಕ್ಕದಲ್ಲಿರಬೇಕಿತ್ತು ಅನಿಸಿತು' ಎಂದು ಕೇಳಿ. ಬರೆಯುವುದು ಕೊಂಕಣಿಯಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ, ಯಾವುದರಲ್ಲಿ ಜಗಳ ಆಡುತ್ತಾರೋ ಅದರಲ್ಲಿ.

ಆರೈಕೆ ಕೆಲಸದವರನ್ನು ಹೀಗೆ ಪತ್ರ ಬರೆಯಲು ಕೂಡಿಸುವ ದಿನ ಶನಿವಾರವೇ ಆಗಬೇಕು. ಇಲ್ಲಿ ಭಾನುವಾರ ಕೆಲಸದ ದಿನ, ಹೆಚ್ಚಿನವರಿಗೆ ಬಿಡುವು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ, ಅಂದರೆ ಶನಿವಾರ, ಮಾತ್ರ, ವಲಸಿಗರ ಪೂಜೆಯೂ ಅಂದೇ. ಸಾಮಾನ್ಯ ಬಸ್ಸುಗಳು ಅಂದು ಕತ್ತಲಾಗುವವರೆಗೆ ಬಹುತೇಕ ಓಡುವುದಿಲ್ಲ, ಹಾಗಾಗಿ ಜನ ಪೂಜೆಗೆ ಬಂದ ಕಡೆಯಲ್ಲೇ ಇಟ್ಟುಕೊಳ್ಳಿ, ಇನ್ನೊಂದು ಸಭಾಂಗಣ ಹುಡುಕಿದರೆ ಅರ್ಧಕ್ಕರ್ಧ ಜನ ಉದುರಿಹೋಗುತ್ತಾರೆ. ಊಟ ನೀವೇ ತನ್ನಿ, ಬಂದವರಿಗೆ ಅಡುಗೆ ಹಚ್ಚಬೇಡಿ, ವಾರದ ಆರು ದಿನ ಅವರು ಮಾಡುವುದು ಅದನ್ನೇ. ಶುರು ಮಧ್ಯಾಹ್ನ ಎರಡಕ್ಕೆ. ಚಳಿಗಾಲದಲ್ಲಿ ಊರಿನಲ್ಲಿ ಆಗ ಸಂಜೆ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಆ ಹೊತ್ತಿಗೆ ಅತ್ತಲಿನವರು ಕಾಗದ, ಪೆನ್ನು ಹಿಡಿದು ಒಬ್ಬರೇ ಒಂದು ಕೋಣೆಯಲ್ಲಿ ಕೂತಿರುವಂತೆ ಹಿಂದಿನ ದಿನವೇ ಹೇಳಿಟ್ಟಿರಬೇಕು.