ಎಲೆಗೆ ಬೆಂಕಿ ಇಡೋದು ಬಿಡಿ, ಎಲೆಗೆ ಜಾಗ ಕೊಡಿ

ಶಿವರಾತ್ರಿ ಹತ್ತಿರ ಬಂತು ಅಂದರೆ ತುಮಕೂರಿನಲ್ಲಿ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಅದರ ಹಿಂದೆಯೇ ಬೆಳಗ್ಗೆ ಬೆಳಗ್ಗೆ ಹೊಗೆ ಶುರುವಾಗುತ್ತದೆ. ಗೇಟಿನ ಮುಂದೆ ಒಂದು ಗುಡ್ಡೆ, ಖಾಲಿ ಸೈಟಿನಲ್ಲಿ ಒಂದು, ಚರಂಡಿ ಪಕ್ಕ ಇನ್ನೊಂದು. ಬರೀ ಎಲೆ ಆಗಿದ್ದರೆ ಒಂದು ಮಾತು. ಹಾಲಿನ ಪ್ಯಾಕೆಟ್, ಗುಟ್ಕಾ ಕವರ್, ಹರಿದ ಚಪ್ಪಲಿ ಎಲ್ಲಾ ಅದರೊಳಗೇ ಇರುತ್ತವೆ.

ಇದು ಕಾನೂನಿಗೆ ವಿರುದ್ಧ ಅಂದರೆ ಜನ ನಗುತ್ತಾರೆ. "ಒಂದು ಹಿಡಿ ಎಲೆಗೆ ಇಷ್ಟೊಂದು ಮಾತಾ ಸರ್?" ಅಂತಾರೆ. ಬೀದಿಯಲ್ಲಿ, ಖಾಲಿ ಜಾಗದಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ ಅನ್ವಯಿಸುವ ಆದೇಶ ಕೊಟ್ಟಿತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ, ರಾಶಿಗಟ್ಟಲೆ ಸುಟ್ಟರೆ 25,000. ಬೆಂಕಿಯ ವಿಷಯದಲ್ಲಿ ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಬೇರೆ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟೆಲ್ಲ ಇದ್ದೂ ಹೊಗೆ ಯಾಕೆ ನಿಂತಿಲ್ಲ? ಸುಡಬೇಡಿ ಅಂದವರು ಎಲೆಯನ್ನು ಎಲ್ಲಿ ಹಾಕಬೇಕು ಅಂತ ಹೇಳಲಿಲ್ಲ, ಅಷ್ಟೇ. ಕಸದ ಆಟೋ ಹಸಿ ಕಸ ತಗೊಳ್ಳುತ್ತದೆ, ಒಣ ಕಸ ತಗೊಳ್ಳುತ್ತದೆ. ಒಂದು ಗೋಣಿಚೀಲ ಎಲೆ ಎತ್ತಿ ಕೊಡಿ ನೋಡೋಣ. "ಇದನ್ನೆಲ್ಲ ಹಾಕ್ಕೊಂಡ್ರೆ ಗಾಡಿ ಇಲ್ಲೇ ತುಂಬಿಹೋಗುತ್ತೆ ಅಣ್ಣ" ಅಂತಾರೆ. ಅವರು ಹೇಳೋದೂ ಸರಿ. ರಸ್ತೆ ಗುಡಿಸುವ ಅಮ್ಮನ ಕೈಲಿರೋದು ಒಂದು ಪೊರಕೆ, ಒಂದು ತಳ್ಳುಗಾಡಿ. ಬೀದಿಯ ಮರಗಳೆಲ್ಲ ಒಟ್ಟಿಗೆ ಎಲೆ ಉದುರಿಸಿದರೆ ಆಕೆ ಏನು ಮಾಡಬೇಕು? ಕಡ್ಡಿ ಗೀರಿದರೆ ಕೆಲಸ ಮುಗೀತು. ಆಕೆಗೆ ದಂಡ ಹಾಕಿ ಅನ್ನುವವರ ಜೊತೆ ನಾನಿಲ್ಲ.

ಹಳ್ಳಿಯಲ್ಲಿ ಬೆಳೆದವರು ನೆನಪು ಮಾಡಿಕೊಳ್ಳಿ. ಹೊಂಗೆ ಎಲೆ ಸುಡುವ ವಸ್ತುವೇ ಆಗಿರಲಿಲ್ಲ. ಹೊಂಗೆ ಸೊಪ್ಪು ಗದ್ದೆಗೆ ಗೊಬ್ಬರ. ಮನೆಯ ಕಸ, ಸಗಣಿ, ಒಲೆ ಬೂದಿ ಎಲ್ಲಾ ತಿಪ್ಪೆಗೆ. ಬೇಸಿಗೆಯಲ್ಲಿ ಅದನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮೂವತ್ತು ನಲವತ್ತರ ಸೈಟಿಗೆ ಬಂದೆವು. ಗೇಟಿಂದ ಗೋಡೆವರೆಗೂ ಸಿಮೆಂಟು ಹಾಕಿಸಿದೆವು. ಎಲೆ ಬೀಳೋಕೆ ಮಣ್ಣೇ ಇಲ್ಲ. ತಿಪ್ಪೆ ಹೋಯಿತು, ಆ ಜಾಗಕ್ಕೆ ಬೆಂಕಿಪೊಟ್ಟಣ ಬಂತು.

ಇನ್ನು ಹೊಗೆಯ ವಿಷಯ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಇರುತ್ತದೆ. ಹಾಗಾಗಿ ಹೊಗೆ ಮೇಲೇರಲ್ಲ, ಬೀದಿಯಲ್ಲೇ ಸುತ್ತುತ್ತದೆ. ಇಬ್ಬನಿಗೆ ಒದ್ದೆಯಾದ ಎಲೆ ಧಗಧಗ ಉರಿಯುವುದೂ ಇಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಹಾಗೆ ಅರ್ಧಂಬರ್ಧ ಉರಿದಾಗಲೇ ವಿಷ ಜಾಸ್ತಿ. ಪಿವಿಸಿ ಪೈಪಿನ ಚೂರೋ ವೈರಿನ ತುಂಡೋ ಅದರಲ್ಲಿದ್ದರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತದೆ. ಸ್ಕೂಲ್ ವ್ಯಾನ್‌ಗೆ ಕಾಯುವ ಮಕ್ಕಳು ನಿಂತಿರೋದು ಅದೇ ಹೊಗೆಯಲ್ಲಿ.

ತೋಟದ ಕಡೆ ಕಥೆ ಸ್ವಲ್ಪ ಬೇರೆ. ನಮ್ಮ ರೈತರು ರಾಗಿ ಹುಲ್ಲು ಸುಡಲ್ಲ, ಅದು ದನದ ಮೇವು. ದೆಹಲಿ ಕಡೆಯ ಸುದ್ದಿ ನೋಡಿ ಇಲ್ಲಿನ ರೈತರನ್ನು ಬೈಯಬೇಡಿ. ಸುಡೋದು ಬದುವಿನ ಹುಲ್ಲು, ತೆಂಗಿನ ಗರಿ, ಮಟ್ಟೆ, ಸಿಪ್ಪೆ. ಗಾಳಿ ತಿರುಗಿತು ಅಂದರೆ ಪಕ್ಕದವರ ಡ್ರಿಪ್ ಪೈಪ್ ಕರಗಿಹೋಗುತ್ತದೆ, ಅಡಿಕೆ ಸಸಿ ಸೀದುಹೋಗುತ್ತದೆ. ಆಮೇಲೆ ಅಣ್ಣತಮ್ಮಂದಿರ ನಡುವೆಯೂ ಮಾತಿಲ್ಲ. ಅದೇ ಸಿಪ್ಪೆಯನ್ನು ಮರದ ಸುತ್ತ ಗುಂಡಿ ತೋಡಿ, ಸಿಪ್ಪೆಯ ಒಳಮೈ ಮೇಲಕ್ಕೆ ಬರುವ ಹಾಗೆ ಜೋಡಿಸಿ ಮುಚ್ಚಿದರೆ ತೇವ ಹಿಡಿದಿಡುತ್ತದೆ. ಬೋರ್‌ವೆಲ್ ಕೊರೆಸಲು ಸಾಲ ಮಾಡುವ ಜಿಲ್ಲೆ ನಮ್ಮದು. ನೀರು ಹಿಡಿಯುವ ಸಿಪ್ಪೆಗೇ ಬೆಂಕಿ ಹಾಕುತ್ತೇವೆ!

ನನಗೆ ಹೆಚ್ಚು ಹೊಟ್ಟೆ ಉರಿಯೋದು ಬೆಟ್ಟ ನೋಡಿದಾಗ. ದೇವರಾಯನದುರ್ಗದ ಸುತ್ತ ಬೇಸಿಗೆಯಲ್ಲಿ ರಾತ್ರಿ ಹೊತ್ತು ಬೆಂಕಿಯ ಗೆರೆ ಕಾಣುತ್ತದೆ. ಕೆಲವರು ಅದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕಿಕೊಳ್ಳುತ್ತಾರೆ. ಜಯಮಂಗಲಿ ನದಿ ಹುಟ್ಟೋದು ಆ ಬೆಟ್ಟದಲ್ಲಿ ಸ್ವಾಮಿ. ಹುಲ್ಲು ಸುಟ್ಟರೆ ಹೊಸ ಚಿಗುರು ಬರುತ್ತೆ, ಕುರಿಗೆ ಮೇವಾಗುತ್ತೆ ಅಂತ ಒಂದು ವಾದ ಇದೆ. ಚಿಗುರು ಬರೋದು ನಿಜ. ಆದರೆ ವರ್ಷ ವರ್ಷ ಸುಟ್ಟರೆ ಮರದ ಸಸಿಗಳು ಸಾಯುತ್ತವೆ. ಬೇರು ಉಳಿಯುವ ಒರಟು ಹುಲ್ಲು ಮಾತ್ರ ಹಬ್ಬುತ್ತದೆ, ಮುಂದಿನ ಬೇಸಿಗೆಗೆ ಅದೇ ಮತ್ತೆ ಉರಿಯುತ್ತದೆ. ಬೋಳಾದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೆರೆ ಸೇರುತ್ತದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಚಾರಣಕ್ಕೆ ಹೋಗುವ ಹುಡುಗರೇ, ಬೀಡಿ, ಸಿಗರೇಟು, ಕ್ಯಾಂಪ್ ಫೈರ್ ಎಲ್ಲಾ ಕೆಳಗೇ ಬಿಟ್ಟು ಹೋಗಿ. ಬೆಂಕಿ ಕಂಡರೆ ಮೇಲಕ್ಕೆ ಓಡಬೇಡಿ. ಉರಿಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿರುತ್ತದೆ, ಏರುಮುಖವಾಗಿ ಬೆಂಕಿ ನಿಮಗಿಂತ ಜೋರಾಗಿ ಓಡುತ್ತದೆ. ದೂರ ಸರಿದು 101ಕ್ಕೋ 112ಕ್ಕೋ ಫೋನ್ ಮಾಡಿ.

ಬೆಂಕಿ ನಮ್ಮ ಸಂಪ್ರದಾಯ ಅಲ್ವಾ, ಸಂಕ್ರಾಂತಿಗೆ ಕಿಚ್ಚು ಹಾಯಿಸಲ್ವಾ ಅಂತ ಕೇಳುವವರಿದ್ದಾರೆ. ಹಾಯಿಸಿ. ಅಲ್ಲಿ ಒಣ ಹುಲ್ಲು ಮಾತ್ರ ಹಾಕುತ್ತಾರೆ, ಊರಿಗೆ ಊರೇ ಸುತ್ತ ನಿಂತಿರುತ್ತದೆ, ದನ ದಾಟಿದ ಮೇಲೆ ಕಿಚ್ಚೂ ಆರುತ್ತದೆ. ಕಡ್ಡಿ ಗೀರಿ ಒಳಗೆ ಹೋಗಿ ಕಾಫಿ ಕುಡಿಯುವುದಕ್ಕೂ ಅದಕ್ಕೂ ಏನು ಸಂಬಂಧ?

ನಮ್ಮ ಬಡಾವಣೆಗೆ ನಾನು ಕೇಳುತ್ತಿರೋದು ಇಷ್ಟೇ. ಪಾರ್ಕಿನ ಮೂಲೆಯಲ್ಲಿ ಎಲೆಗೆ ಅಂತ ಒಂದು ತೊಟ್ಟಿ. ನಾಲ್ಕು ಕಂಬ, ಸುತ್ತ ಕೋಳಿ ಜಾಲರಿ, ಮೇಲೆ ಒಂದಿಷ್ಟು ಸಗಣಿ ನೀರು. ಮುಂದಿನ ವರ್ಷ ಪಾರ್ಕಿನ ಗಿಡಗಳಿಗೆ ಗೊಬ್ಬರ ಕೊಂಡು ತರುವ ಖರ್ಚು ಉಳಿಯುತ್ತದೆ. ಹಾವು ಸೇರಿಕೊಳ್ಳುತ್ತೆ ಅಂತ ಆಗಲೇ ಇಬ್ಬರು ತಕರಾರು ತೆಗೆದಿದ್ದಾರೆ. ವಾರಕ್ಕೊಮ್ಮೆ ಕೋಲಲ್ಲಿ ಕೆದಕಿ ನೀರು ಹಾಕುತ್ತಿದ್ದರೆ ಹಾವಿಗೆ ಅಲ್ಲಿ ನೆಮ್ಮದಿ ಇರಲ್ಲ. ಹಾವಿಗಿಂತ ನನಗೆ ಭಯ, ತೊಟ್ಟಿ ಕಟ್ಟಿದ ಮೇಲೆ ಯಾರಾದರೂ ಅದಕ್ಕೇ ಬೆಂಕಿ ಇಟ್ಟಾರು ಅಂತ. ಭಾನುವಾರ ಸಂಘದ ಸಭೆ ಇದೆ. ಒಪ್ಪದವರೂ ಬನ್ನಿ, ಅಲ್ಲೇ ಜಗಳ ಆಡೋಣ.