ಅತ್ತೆಗೆ ಏನಾಗಿತ್ತು?

ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು, ಬಿಳಿ ಹಾಳೆ ಮೇಲೆ ನಮ್ಮ ವಂಶ ಬರೆಯುತ್ತಿದ್ದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕ್ಯಾನ್ಸರ್ ಬಂದವರಿಗೆ ಒಳಗೆ ಕಪ್ಪು ತುಂಬುವುದು, ತೀರಿಕೊಂಡವರ ಮೇಲೆ ಓರೆ ಗೆರೆ. ಮೂರು ತಲೆಮಾರು ಬೇಕು ಅಂದರು. ಅಪ್ಪನ ತಂಗಿಯ ಸೊನ್ನೆಗೆ ಬಂದಾಗ ಪೆನ್ನು ನಿಂತಿತು. ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು ಅಂದೆ. "ಜಠರದಲ್ಲೋ, ಅಂಡಾಶಯದಲ್ಲೋ?"

ಅತ್ತೆಯ ತಿಥಿ ಯಾವತ್ತು ಅಂತ ನನಗೆ ಗೊತ್ತು. ಅವರಿಗೆ ಇಷ್ಟ ಅಂತ ಅವತ್ತು ಹಯಗ್ರೀವ ಮಾಡುವುದೂ ಗೊತ್ತು. ಯಾವ ಕಾಯಿಲೆ ಅಂತ ಗೊತ್ತಿಲ್ಲ.

ರಾತ್ರಿ ಹನುಮಂತನಗರಕ್ಕೆ ಫೋನ್ ಮಾಡಿದೆ. "ಈಗ್ಯಾಕೆ ಅದೆಲ್ಲ, ಹೋದೋರ ಸುದ್ದಿ?" ಅಂದರು ಅಮ್ಮ. ಅಪ್ಪನ ತಮ್ಮನ ಹೆಂಡತಿ, ನನ್ನ ಚಿಕ್ಕಮ್ಮ, ಫೋನ್ ಇಸ್ಕೊಂಡು, "ಪುಟ್ಟಿಗೆ ಗಂಡು ನೋಡ್ತಿದ್ದೀವಿ ಕಣೇ, ನೀನು ಸುಮ್ನಿರು" ಅಂದರು. ಪುಟ್ಟಿ ಅವರ ಮಗಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನನ್ನ ರಿಪೋರ್ಟಿನಲ್ಲಿ ಬಿಆರ್‌ಸಿಎ1 ಜೀನಿನ ದೋಷ ಸಿಕ್ಕಿತು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವಂಥದ್ದು. ಬಂದಿದ್ದು ಅಪ್ಪನ ಕಡೆಯಿಂದ. ಹೆಂಗಸರ ಕಾಯಿಲೆ ಗಂಡಸಿನಿಂದ ಹೇಗೆ ಬರುತ್ತೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಬರುತ್ತೆ. ದೋಷ ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ಶೇಕಡಾ 50. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ನೂರಕ್ಕೆ ಐದೋ ಹತ್ತೋ ಅಷ್ಟೆ. ಆದರೆ ಈ ದೋಷ ಇರುವ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಜೀವನದಲ್ಲಿ ಯಾವಾಗಲಾದರೂ ಸ್ತನ ಕ್ಯಾನ್ಸರ್ ಬರುತ್ತದೆ. ಅಂಡಾಶಯದ ಅಪಾಯ ಬೇರೆ. ಮೊದಲೇ ಗೊತ್ತಾದರೆ 25ರ ಸುಮಾರಿಗೇ ವರ್ಷಾ ವರ್ಷ ಎಂಆರ್‌ಐ ಶುರು ಮಾಡಬಹುದು. ಪುಟ್ಟಿಗೆ ಈಗ 26. ನಾನು ಹೇಗೆ ಸುಮ್ಮನಿರಲಿ?

ಗೋತ್ರ, ನಕ್ಷತ್ರ, ಪಾದ ಎಲ್ಲ ಕೇಳಿ ಜಾತಕ ಕೂಡಿಸುವ ನಾವು ಅಜ್ಜಿ ಹೇಗೆ ಸತ್ತರು ಅಂತ ಮಾತ್ರ ಕೇಳುವುದಿಲ್ಲ. ಅಮೆರಿಕದಲ್ಲಿ ನನ್ನ ಪಕ್ಕದ ಮನೆಯಾಕೆ ತನ್ನ ತಾಯಿಯ ಸರ್ಜರಿ ವಿಷಯವನ್ನು ಬೇಲಿ ಆಚೆಯಿಂದಲೇ ಹೇಳುತ್ತಾಳೆ. ನಮ್ಮಲ್ಲಿ ಕ್ಯಾನ್ಸರ್ ಅನ್ನುವುದಕ್ಕೂ ಬಾಯಿ ಬರಲ್ಲ, 'ಆ ಕಾಯಿಲೆ' ಅನ್ನುತ್ತೇವೆ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದೆ. ಒಂದು ಮಧ್ಯಾಹ್ನ ಅಪ್ಪ ಮಾತಿಲ್ಲದೆ ಬೀರುವಿನಿಂದ ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. ಕಿದ್ವಾಯಿ ಆಸ್ಪತ್ರೆಯದು. ಗುಂಡುಪಿನ್ನು ತುಕ್ಕು ಹಿಡಿದು ಹಾಳೆಗೆ ಅಂಟಿಕೊಂಡಿತ್ತು. 'ಓವರಿ' ಅಂತ ಟೈಪ್ ಮಾಡಿತ್ತು. ಅಷ್ಟು ವರ್ಷ ಅವರ ಬಟ್ಟೆ ಕೆಳಗೇ ಇತ್ತು.

ಒಂದು ಮಾತು ಒಪ್ಪಲೇಬೇಕು. ನನ್ನ ರಿಪೋರ್ಟ್ ಮೊದಲು ಬಂದಿದ್ದು ಫೋನಿಗೆ. ಅಂಗಡಿಯ ಪಾರ್ಕಿಂಗ್‌ನಲ್ಲಿ ಒಬ್ಬಳೇ ಕೂತು ಓದಿದೆ. ಕೈ ಹಿಡಿಯೋಕೆ ಯಾರೂ ಇರಲಿಲ್ಲ. ಚಿಕ್ಕಮ್ಮನ ಭಯವೂ ಸುಳ್ಳಲ್ಲ. ಈ ಟೆಸ್ಟಿನ ನೆಪದಲ್ಲಿ ನನ್ನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಆರೋಗ್ಯ ವಿಮೆ ನಿರಾಕರಿಸುವ ಹಾಗಿಲ್ಲ. ಅಮೆರಿಕದಲ್ಲಿ 2008ರಿಂದ ಅದಕ್ಕೆ ಕಾನೂನಿದೆ. ಹೆಣ್ಣು ನೋಡಲು ಬಂದವರು ಎದ್ದು ಹೋಗುವುದನ್ನು ಯಾವ ಕಾನೂನು ತಡೆಯುತ್ತೆ?

ಅದೇ ಚಿಕ್ಕಮ್ಮ ಕೊನೆಗೆ ಚಿಕ್ಕಪ್ಪನನ್ನು ಟೆಸ್ಟಿಗೆ ಹೊರಡಿಸಿದರು. ಅವರಲ್ಲಿ ಈ ದೋಷ ಇಲ್ಲ ಅಂದರೆ ಪುಟ್ಟಿಗೆ ಆ ಕಡೆಯಿಂದ ಬರುವ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಕೌನ್ಸೆಲರ್ ಕೋಣೆಯಲ್ಲಿ ಎರಡೇ ಕುರ್ಚಿ, ನಾವು ಆರು ಜನ. ಅವರೂ ಅದೇ ಚೌಕ, ಅದೇ ಸೊನ್ನೆ ಬರೆದರು. ಅತ್ತೆಯ ಹತ್ತಿರ ಪೆನ್ನು ನಿಂತಿತು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ಅಂಡಾಶಯದ ಕ್ಯಾನ್ಸರ್. ಆಗ ಅವಳಿಗೆ 42."