ಅಪ್ಪ ಏನ್ ಮಾಡ್ತಾರೆ?

ಅಕ್ಕನ ಮಗಳು ಮೊನ್ನೆ ಖಾಸಗಿ ಕಾಲೇಜೊಂದರ ಸಂದರ್ಶನ ಮುಗಿಸಿ ಬಂದಳು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು. "ಏನ್ ಕೇಳಿದ್ರು ಪುಟ್ಟಿ?" ಅಂದೆ. "ಮೊದ್ಲು ಅಪ್ಪ ಏನ್ ಮಾಡ್ತಾರೆ ಅಂದ್ರು ಚಿಕ್ಕಮ್ಮ. ಹೊಲ ಇದೆ ಅಂದೆ. ಆಮೇಲೆ ಇಂಗ್ಲಿಷಲ್ಲಿ ನಿನ್ನ ಬಗ್ಗೆ ಹೇಳು ಅಂದ್ರು. ಬಾಯಿ ಒಣಗಿ ಹೋಯ್ತು." ಐದು ನಿಮಿಷವೂ ಆಗಲಿಲ್ಲವಂತೆ. ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಈ ಪ್ರಶ್ನೆಗೆ ವಯಸ್ಸಾಗಿದೆ. 1979ರಲ್ಲಿ ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿತ್ತು. ಸೀಟು ತಪ್ಪಿದವರು ಸುಪ್ರೀಂ ಕೋರ್ಟಿಗೆ ಹೋದರು. ಎರಡು ಮೂರು ನಿಮಿಷ ಮಾತಾಡಿಸಿದರು, ಕೇಳಿದ್ದು ತಂದೆತಾಯಿ ಯಾರು, ಮನೆ ಎಲ್ಲಿ ಅಂತ ಮಾತ್ರ ಎಂದು ಅಹವಾಲು ಹೇಳಿಕೊಂಡರು. ಅಜಯ್ ಹಾಸಿಯಾ ಪ್ರಕರಣ ಅಂತಲೇ ಅದು ಹೆಸರಾಗಿದೆ. ಸಂದರ್ಶನದ ಅಂಕ ಒಟ್ಟು ಅಂಕದ ಶೇ. 15 ಮೀರಿದರೆ ಅದು ಮನಸೋಇಚ್ಛೆಯ ಆಯ್ಕೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡಿಟ್ಟರೆ ಒಳ್ಳೆಯದು ಅಂತಲೂ ಹೇಳಿದರು. ಟೇಪ್ ರೆಕಾರ್ಡರ್ ಅಪರೂಪವಾಗಿದ್ದ ಕಾಲದ ಮಾತು ಅದು!

ನಮ್ಮ ರಾಜ್ಯವೂ ಇದೇ ದಾರಿಯಲ್ಲಿ ನಡೆದಿತ್ತು. 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ವ್ಯಕ್ತಿತ್ವ, ಸಾಮಾನ್ಯ ಜ್ಞಾನ, ಎನ್‌ಸಿಸಿ, ಆಟ, ನಾಟಕ, ಚರ್ಚಾಸ್ಪರ್ಧೆ ಎಲ್ಲವೂ ಲೆಕ್ಕಕ್ಕೆ. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗ ಚರ್ಚಾಸ್ಪರ್ಧೆ ನಡೆಸುವ ಶಾಲೆ ಎಷ್ಟು ಹಳ್ಳಿಗಳಲ್ಲಿತ್ತು?

1994ರಿಂದ ನಮ್ಮಲ್ಲಿ ಸಿಇಟಿ ಇದೆ. ಕೋಚಿಂಗಿಗೆ ದುಡ್ಡಿದ್ದವರಿಗೆ ಅಲ್ಲೂ ಅನುಕೂಲ ಹೆಚ್ಚು, ಒಪ್ಪುತ್ತೇನೆ. ಆದರೆ ಉತ್ತರ ಪತ್ರಿಕೆ ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಉಚ್ಚಾರಣೆಯನ್ನೂ ಕೇಳಿಸಿಕೊಳ್ಳುವುದಿಲ್ಲ.

ಸಂದರ್ಶನವೇ ಬೇಡ ಅನ್ನುವುದಿಲ್ಲ ನಾನು. ನಟನೆ ಕಲಿಯಲು ಬಂದವರನ್ನು ಮಾತಾಡಿಸದೆ ಹೇಗೆ ಆರಿಸುತ್ತೀರಿ? ಆದರೆ ವಿಜ್ಞಾನದ ಸೀಟಿಗೆ ಬಂದ ಹದಿನೇಳರ ಹುಡುಗಿಯ ಎರಡು ವರ್ಷದ ಓದನ್ನು ಐದು ನಿಮಿಷ ಅಳಿಸಿಹಾಕಬಾರದು. ಆ ಐದು ನಿಮಿಷದಲ್ಲಿ ಅಳೆಯುವುದು ಬಹುಪಾಲು ಮನೆಯಲ್ಲಿ ಆಡುವ ಇಂಗ್ಲಿಷನ್ನು, ಅಪರಿಚಿತರ ಮುಂದೆ ಕೂತು ರೂಢಿಯಿದೆಯೇ ಅನ್ನುವುದನ್ನು.

ಪ್ರವೇಶ ಸಮಿತಿಗಳಲ್ಲಿ ಕೂರುವ ಮೇಷ್ಟ್ರುಗಳು, ಮೇಡಮ್ಮುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮುಂದಿನ ಸಲ ಅರ್ಜಿಯಲ್ಲಿ ತಂದೆಯ ಉದ್ಯೋಗದ ಸಾಲನ್ನು ಮುಚ್ಚಿಟ್ಟು ಕೂತುಕೊಳ್ಳಿ. ಕನ್ನಡದಲ್ಲಿ ಉತ್ತರ ಹೇಳಬಹುದು ಅಂತ ಮೊದಲೇ ತಿಳಿಸಿ. ಮೇಜಿನ ಮೇಲೆ ಒಂದು ಫೋನಿಟ್ಟು ಎಲ್ಲವನ್ನೂ ರೆಕಾರ್ಡ್ ಮಾಡಿ.